ಗೌಡ್ತಿಯ ನೀರಿನ ಮನೆಗಳು

ನಾಗರ ಪಂಚಮಿ ಹತ್ತಿರ ಬಂದಿತ್ತು. ಹಬ್ಬಕ್ಕೆ ಮೊದಲು ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ಒಗೆದು ಹಾಕುವುದು ನಮ್ಮ ಕಡೆಯ ರೂಢಿ. ಹಿತ್ತಲ ಕಲ್ಲಿನ ಮೇಲೆ ಒಂದು ದೊಡ್ಡ ಕೌದಿಯನ್ನು ತುಳಿಯುತ್ತ ನಿಂತಿದ್ದೆ. ನೀರು ಕುಡಿದ ಕೌದಿ ಎಮ್ಮೆಯ ಕರುವಿನಷ್ಟು ಭಾರ, ಒಬ್ಬಳ ಕೈಗೆ ಹಿಂಡಲು ಬಗ್ಗುವುದಿಲ್ಲ. ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನಿಂದ ಬಂದವರು ತಾವಾಗಿಯೇ ಧೋತರ ಮೇಲೆ ಕಟ್ಟಿ ಇನ್ನೊಂದು ತುದಿ ಹಿಡಿದರು. ಅದೇ ನನಗೆ ಆಶ್ಚರ್ಯ. ಎರಡು ಸುತ್ತು ಹಿಂಡಿದ ಮೇಲೆ ಹೇಳಿದರು:

"ಡ್ರೈವರ್ ಕಾಕಾ ಹೋದ್ನಂತ. ಭಾಗ್ಯನಗರದಾಗ, ಮಗಳ ಮನ್ಯಾಗ. ಮಣ್ಣು ನಿನ್ನೇನ ಆತಂತ."

ಕೈಯಲ್ಲಿನ ಹಿಡಿತ ಸಡಿಲಾಯಿತು. ಕೌದಿ ಬಿಚ್ಚಿಕೊಂಡು ನೀರೆಲ್ಲ ನನ್ನ ಕಾಲ ಮೇಲೆ ಸುರಿಯಿತು. ಕಷ್ಟಪಡದೆ ಹೋದರಂತೆ. ಅಷ್ಟನ್ನು ದೇವರು ನಡೆಸಿಕೊಟ್ಟ, ಅವನಿಗೆ ಶರಣು ಎಂದುಕೊಂಡೆ. ಕಾಕಾ ಇದ್ದಿದ್ದರೆ ಈ ಮಾತಿಗೂ ನಕ್ಕು ಬಿಡುತ್ತಿದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಹಾದಿಯ ಹೆಂಗಸರಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಕೊಪ್ಪಳದ ಒಬ್ಬ ಸಾವುಕಾರರ ಬಾಡಿಗೆ ಕಾರು ಓಡಿಸುತ್ತಿದ್ದರು. ಮದುವೆ, ಬಸುರಿಯ ಕುಬಸ, ಬಾಣಂತಿಯನ್ನು ತವರಿನಿಂದ ಕರೆತರುವುದು, ಯಾವುದಕ್ಕಾದರೂ ಆ ಕಾರೇ ಆಗಬೇಕು. ಆಗ, ಅಂದರೆ ಎಪ್ಪತ್ತರ ದಶಕದಲ್ಲಿ, ಕೊಪ್ಪಳದಿಂದ ಯಲಬುರ್ಗಾ, ಕುಷ್ಟಗಿ ಕಡೆಗೆ ಬಾಡಿಗೆಗೆ ಸಿಗುತ್ತಿದ್ದ ಕಾರುಗಳೇ ಕಡಿಮೆ. ಉಳಿದ ದಿನ ಎಲ್ಲರಿಗೂ ಬಸ್ಸು, ಇಲ್ಲವೇ ಚಕ್ಕಡಿ.

ಆ ಕಾರಿನ ಹೆಸರು ಗೌಡ್ತಿ. ಹಿಂದೆ ಯಾವುದೋ ಊರಿನ ಗೌಡರು ಅದನ್ನು ಹೆಂಡತಿಗಾಗಿ ತರಿಸಿದ್ದರಂತೆ. ಆಕೆ ಪರದೆ ಕಟ್ಟಿಸಿಕೊಂಡು ಅದರಲ್ಲಿ ಓಡಾಡುತ್ತಿದ್ದಳಂತೆ. ಗೌಡರ ಮನೆಯಿಂದ ಸಾವುಕಾರರ ಮನೆಗೆ ಬಂದರೂ ಹೆಸರು ಉಳಿಯಿತು. ಕರ್ರಗೆ, ಎತ್ತರಕ್ಕೆ ಇತ್ತು. ಮುಂದೆ ಉದ್ದನೆಯ ಮೂಗು, ಎರಡು ದೊಡ್ಡ ಗುಂಡು ದೀಪ. ಹತ್ತಲು ಪಕ್ಕಕ್ಕೊಂದು ಮೆಟ್ಟಿಲು. ಒಂದು ಬಾಗಿಲಿಗೆ ಕೊಂಡಿ ಇರಲಿಲ್ಲ, ಸೆಣಬಿನ ಹಗ್ಗ ಇತ್ತು. ಹಿಂದಿನ ಸೀಟಿನ ಕೆಳಗೆ ಒಂದು ತೂತು, ಅದರಲ್ಲಿ ಹಾದಿ ಓಡುವುದು ಕಾಣುತ್ತಿತ್ತು. ಮಕ್ಕಳೆಲ್ಲ ಆ ತೂತಿನ ಮೇಲಿನ ಜಾಗಕ್ಕೇ ಜಗಳಾಡುತ್ತಿದ್ದರು.

ಗೌಡ್ತಿಗೆ ನೀರಡಿಕೆ ಬಹಳ. ಒಂದಿಷ್ಟು ದೂರ ಓಡಿದರೆ ಮೂಗಿನಿಂದ ಹುಸ್ಸೆಂದು ಹಬೆ ಬಿಡುತ್ತಿತ್ತು. ಆಗ ಕಾಕಾ ನಿಲ್ಲಿಸಿ ಇಳಿದು, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ ಮುಂಗೈಯಿಂದ ಅದರ ಮೂತಿ ಮುಟ್ಟಿ ನೋಡುತ್ತಿದ್ದರು. ಆರಲು ಬಿಟ್ಟು ಆಮೇಲೆ ನೀರು ಹಾಕಬೇಕು. ಅದಕ್ಕಾಗಿ ಅವರು ಹಾದಿಯುದ್ದಕ್ಕೂ ಮನೆಗಳನ್ನು ಗೊತ್ತು ಮಾಡಿಕೊಂಡಿದ್ದರು. ಅವನ್ನು 'ನೀರಿನ ಮನಿ' ಎನ್ನುತ್ತಿದ್ದರು. ರಸ್ತೆಗೆ ಹತ್ತಿಕೊಂಡ ಮನೆ ಇರಬೇಕು, ಮನೆಯಾಕೆ ಕೊಡ ಕೊಡಲು ಮುಖ ಗಂಟು ಹಾಕಬಾರದು. ಇಷ್ಟೇ ಅವರ ನಿಯಮ. ನಮ್ಮ ಕಪ್ಪು ಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಒಂದು ಕೊಡ ನೀರಿಗೆ ಎಷ್ಟು ಹೆಜ್ಜೆ ಸವೆಸಬೇಕೆಂದು ಹೊತ್ತವರಿಗೇ ಗೊತ್ತು. ಆದರೂ ಯಾವ ಮನೆಯಾಕೆಯೂ ಅವರಿಗೆ ಇಲ್ಲ ಎಂದದ್ದನ್ನು ನಾನು ಕೇಳಿಲ್ಲ. ಮೊದಲು ಗಾಡಿಗೆ ಹಾಕಿ, ಉಳಿದರೆ ಮಾತ್ರ ಅವರು ಕುಡಿಯುತ್ತಿದ್ದರು.

ನನ್ನ ತವರು ಕೊಪ್ಪಳದ ಮಗ್ಗುಲ ಭಾಗ್ಯನಗರ. ಕೊಟ್ಟಿದ್ದು ಮಂಗಳೂರಿಗೆ. ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಸೀಮೆಯ ನಮ್ಮ ಮಂಗಳೂರು. ಮದುವೆಯಾಗಿ ನಾನು ಬಂದದ್ದೂ ಗೌಡ್ತಿಯಲ್ಲಿಯೇ. ಕೊಪ್ಪಳ ದಾಟುವ ತನಕ ಅಳುತ್ತಿದ್ದೆ, ದಾಟಿದ ಮೇಲೂ ಅಳು ನಿಲ್ಲಲಿಲ್ಲ. ಮೊದಲ ನೀರಿನ ಮನೆ ಬಂತು. ಕಾಕಾ ಬಾಗಿಲಲ್ಲಿ ನಿಂತು ಕೂಗಿದರು:

"ಯವ್ವಾ, ಎರಡು ಕೊಡ ತಾ. ಒಬ್ಬಾಕಿ ಓಡಿ ಓಡಿ ಒಣಗ್ಯಾಳ, ಒಬ್ಬಾಕಿ ಅತ್ತು ಅತ್ತು ಒಣಗ್ಯಾಳ."

ಅಳುತ್ತಿದ್ದವಳು ನಕ್ಕುಬಿಟ್ಟೆ. ಆ ಮನೆಯ ಮುದುಕಿ ನನಗೆ ನೀರು, ಬೆಲ್ಲ ಕೊಟ್ಟು, ಒಳಗೆ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ತಂದು ಉಡಿ ತುಂಬಿದಳು. ಬಾಗಿಲಿಗೆ ಬಂದ ಮದುಮಗಳು ಬರಿ ಉಡಿಯಲ್ಲಿ ಹೋಗಬಾರದು ಎಂಬುದು ನೀರಿನ ಮನೆಗಳ ಹೆಂಗಸರು ತಾವೇ ಮಾಡಿಕೊಂಡ ಪದ್ಧತಿ. ಯಾವ ಸಂಬಂಧವೂ ಇಲ್ಲದವರು. ನಾನು ಗಂಡನ ಮನೆಯ ಹೊಸ್ತಿಲು ತುಳಿಯುವ ಹೊತ್ತಿಗೆ ನನ್ನ ಉಡಿಯಲ್ಲಿ ತವರಿನ ಅಕ್ಕಿಯ ಜೊತೆಗೆ ಹಾದಿಯ ಅಕ್ಕಿಯೂ ಇತ್ತು. ದೇವರು ನನಗೆ ದೊಡ್ಡ ದೊಡ್ಡದನ್ನು ಕೊಟ್ಟವನಲ್ಲ. ಇಂಥವನ್ನು ಮಾತ್ರ ಕೈ ಬಿಚ್ಚಿ ಕೊಟ್ಟಿದ್ದಾನೆ.

ನಮ್ಮ ಮನೆಯೂ ರಸ್ತೆಗೆ ಹತ್ತಿಕೊಂಡದ್ದು. ಮುಂದೆ ನಾನೂ ನೀರಿನ ಮನೆಯಾಕೆ ಆದೆ. ಕಾಕಾ ಬಂದಾಗೊಮ್ಮೆ ಸುದ್ದಿ ತರುತ್ತಿದ್ದರು. ನಿಮ್ಮವ್ವ ಸಂತೆಯಲ್ಲಿ ಕಂಡಿದ್ದಳು, ಮೊಣಕಾಲು ನೋವು ಇಳಿದಿದೆಯಂತೆ, ನಿನ್ನ ತಮ್ಮ ಸೈಕಲ್ ಕಲಿತನಂತೆ. ಅವರಿಗೆ ದೇವರಲ್ಲಿ ಅಷ್ಟಕ್ಕಷ್ಟೇ. ಅಮಾವಾಸ್ಯೆಗೆ ಗಾಡಿಗೆ ಕಾಯಿ ಒಡೆಸಿರಿ ಎಂದು ಸಾವುಕಾರರು ದುಡ್ಡು ಕೊಟ್ಟರೆ, ಕಾಯಿ ಒಡೆದು, ನೀರನ್ನು ಗಾಲಿಗೆ ಚಿಮುಕಿಸಿ, ಕೊಬ್ಬರಿಯನ್ನು ಬೆಲ್ಲದ ಜೊತೆ ತಾವೇ ತಿನ್ನುತ್ತಿದ್ದರು.

"ಹಂಗ ಮಾಡಬ್ಯಾಡ್ರಿ ಕಾಕಾ, ದೇವ್ರು ನೋಡತಾನ" ಎಂದರೆ, "ನೋಡ್ಲಿ ತಂಗೆವ್ವಾ. ಹಲ್ಲಿದ್ರ ಅವಗೂ ಒಂದ್ ಚೂರು ಕೊಡತಿದ್ದೆ" ಎನ್ನುತ್ತಿದ್ದರು. ನಾನು ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದೆ, ಅವರ ಲೆಕ್ಕಕ್ಕೂ ಸೇರಿಸಿ.

ಎಂಬತ್ತರ ನಂತರ ಸಾವುಕಾರರು ಹೊಸ ಕಾರು ಕೊಂಡರು. ಬೆಳ್ಳಗೆ, ತಗ್ಗಾಗಿ, ನೆಲಕ್ಕೆ ಮೈ ಹಚ್ಚಿ ಕೂತಂತೆ ಇತ್ತು. ಬಾಗಿಲು ಮುಚ್ಚಿದರೆ ಟಪ್ ಎಂದು ಒಂದೇ ಸದ್ದು. ಗಾಜು ಏರಿಸಲು ಹಿಡಿಕೆ, ಮೆತ್ತನೆಯ ಸೀಟು, ಟ್ರಂಕು ಇಡಲು ಹಿಂದೆ ಡಿಕ್ಕಿ. ಕಾಕಾ ಅದಕ್ಕೆ 'ಹೊಸ ಸೊಸಿ' ಎಂದು ಹೆಸರಿಟ್ಟರು. ಗೌಡ್ತಿಯನ್ನು ಸಾವುಕಾರರ ಗಿರಣಿಯ ಹಿಂದೆ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತವು.

"ಮುದುಕಿ ಆದಮ್ಯಾಲೆ ತತ್ತಿ ಇಡಾಕ ಹತ್ಯಾಳ್ರಿ ನಮ್ಮ ಗೌಡ್ತಿ" ಎಂದು ಅವರೇ ಹೇಳಿ ಅವರೇ ನಕ್ಕರು. ಆದರೆ ಆ ನಗು ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ.

ಒಮ್ಮೆ ನಮ್ಮ ಮಾವನವರು ಕಾಕಾನನ್ನು ಕೇಳಿದರು: "ಯಾವುದು ಛಲೋ ಅಂತೀಯೋ? ಹಳೇದೋ, ಹೊಸಾದೋ?"

"ಓಟಕ್ಕ ಹೊಸಾದು, ಯಜಮಾನ್ರ. ಸುಳ್ಳ್ಯಾಕ ಹೇಳ್ಲಿ? ಬೆಣ್ಯಾಗ ಕೂದಲ ಎಳದಂಗ ಹೋಗತೈತಿ. ಆದ್ರ ನೋಡ್ರಿ, ಗೌಡ್ತಿ ಹೇಳಿ ಕೆಡತಿದ್ಲು. ನರಳತಿದ್ಲು, ಹೊಗಿ ಬಿಡತಿದ್ಲು, ನಾಕು ಮಂದಿಗೆ ಗೊತ್ತಾಗೂವಂಗ ಮಾಡತಿದ್ಲು. ಈಕಿ ಬಾಯಿ ಬಿಡಂಗಿಲ್ಲ."

ಹೊಸ ಸೊಸಿಗೆ ಮುಂಜಾನೆ ಒಮ್ಮೆ ಹಾಕಿದರೆ ಆಯಿತು, ಹಾದಿಯಲ್ಲಿ ನೀರು ಬೇಡ. ಹೀಗಾಗಿ ಕಾಕಾನೂ ನಿಲ್ಲುವುದು ತಪ್ಪಿತು. ಬಾಡಿಗೆಗೆ ಬಂದವರೂ ಸುಮ್ಮನೆ ನಿಲ್ಲಿಸಲು ಬಿಡುವವರಲ್ಲ. ಬೆಳ್ಳನೆಯದೊಂದು ಗಾಜು ಏರಿಸಿಕೊಂಡು ಸುಯ್ಯೆಂದು ಹೋಗುವುದನ್ನು ನಾವು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆವು. ತವರಿನ ಸುದ್ದಿ ಬರುವುದು ನಿಂತಿತು. ನಾನೇನೋ ಸಮಾಧಾನ ಮಾಡಿಕೊಂಡೆ. ಎಲ್ಲರೂ ಮಾಡಿಕೊಳ್ಳಲಿಲ್ಲ.

ಇನ್ನು ನಮ್ಮ ನಾದಿನಿಯ ಮಾತು. ನಮ್ಮ ಮನೆಯವರ ಒಬ್ಬಳೇ ತಂಗಿ. ಮೊದಲು ಆಕೆಗೆ ಗಂಗಾವತಿ ಕಡೆಯ ಸಂಬಂಧ ಗೊತ್ತಾಗಿತ್ತು. ನಿಶ್ಚಯವಾದ ವಾರದಲ್ಲೇ ಹುಡುಗನ ಅಜ್ಜ ತೀರಿಕೊಂಡ. ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ ಮುದುಕ. ಆದರೂ ಅವರು "ಹುಡಿಗಿ ಕಾಲ್ಗುಣ ಬರೋಬ್ಬರಿ ಇಲ್ಲ" ಎಂದು ಎಲೆ ಅಡಿಕೆ ತಿರುಗಿ ಕಳಿಸಿದರು. ಆ ಮಾತು ಊರೂರು ತಿರುಗಿತು. ಹುಡುಗಿ ಹೊರಗೆ ಕಟ್ಟೆಗೆ ಬರುವುದನ್ನೇ ಬಿಟ್ಟಳು. ಶುಭಕಾರ್ಯದ ಮನೆಗೆ ಕರೆದರೆ ತಾನಾಗಿಯೇ ಹಿಂದೆ ಸರಿಯುತ್ತಿದ್ದಳು. ಮುಂದೆ ಕುಷ್ಟಗಿ ಕಡೆಯ ಒಂದು ಹಳ್ಳಿಯ ಸಂಬಂಧ ಬಂತು. ಹುಡುಗ ಸಾಲಿ ಮಾಸ್ತರ, ಒಳ್ಳೆಯವನು. ಆದರೆ ಸಂಬಂಧ ಹಚ್ಚಿದ ಹುಡುಗನ ಸೋದರತ್ತೆ ಮೊದಲೇ ಹೇಳಿಬಿಟ್ಟಳು: "ಹಿಂದಿನ ಸುದ್ದಿ ನಮ್ಮ ವೈನಿ, ಹುಡುಗನ ಅವ್ವನ ಕಿವಿಗೂ ಬಿದ್ದೈತಿ. ಆಕಿ ಹೊತ್ತು, ಗಳಿಗಿ ಭಾಳ ನೋಡತಾಳ. ಸೊಸಿ ಹೊತ್ತಲ್ಲದ ಹೊತ್ತಿನ್ಯಾಗ ಹೊಸ್ತಲಾ ತುಳದ್ರ ಸಾಯೂತನಾ ಆಡಿ ತೋರಸತಾಳ. ಆಮ್ಯಾಲೆ ನನಗ ಅನಬ್ಯಾಡ್ರಿ."

ಮದುವೆ ನಮ್ಮಲ್ಲೇ ಆಯಿತು. ಮರುದಿನ ಗುರುವಾರ ಹುಡುಗಿಯನ್ನು ಕಳಿಸುವುದು. ಗುರುವಾರ ಮಧ್ಯಾಹ್ನ ಒಂದೂವರೆಯಿಂದ ಮೂರರ ತನಕ ರಾಹುಕಾಲ. ಅಯ್ಯನವರು ಪಂಚಾಂಗ ನೋಡಿ, "ಅದು ಹುಟ್ಟೂಕಿಂತ ಮೊದಲ ಇಲ್ಲಿ ಹೊಸ್ತಲಾ ದಾಟಸ್ರಿ. ಕೆಟ್ಟ ಹೊತ್ತು ಹಾದ್ಯಾಗ ಕಳೀಲಿ. ಅದು ಸರದ ಮ್ಯಾಲೆ ಅಲ್ಲಿ ಹೊಸ್ತಲಾ ತುಳೀಲಿ" ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಕುಷ್ಟಗಿ ಹಾದಿಗೆ ನೀರಿನ ಮನೆಗಳನ್ನು ಸೇರಿಸಿ ಎರಡು ತಾಸಿನ ಮೇಲೆ ಎಂಬುದು ನಮ್ಮೂರಲ್ಲಿ ಎಲ್ಲರ ಬಾಯಲ್ಲಿದ್ದ ಲೆಕ್ಕ.

ಆದರೆ ಅದು ಗೌಡ್ತಿಯ ಲೆಕ್ಕ. ಬಂದು ನಿಂತದ್ದು ಹೊಸ ಸೊಸಿ. ಮಗಳನ್ನು ಬೆಳ್ಳನೆಯ ಹೊಸ ಕಾರಿನಲ್ಲಿ ಕಳಿಸಬೇಕೆಂದು ಮಾವನವರೇ ಹೇಳಿ ಬಂದಿದ್ದರು. ಊರಿಗೆ ಊರೇ ನೋಡಲು ಬಂತು. ಆ ಸಂಭ್ರಮದಲ್ಲಿ ಮಾವನವರಿಗಾಗಲಿ, ಅಯ್ಯನವರಿಗಾಗಲಿ, ನನಗಾಗಲಿ ಗಾಡಿ ಬದಲಾದರೆ ಹೊತ್ತೂ ಬದಲಾಗುತ್ತದೆಂದು ಹೊಳೆಯಲಿಲ್ಲ.

ದಿಬ್ಬಣದ ಲಾರಿ ಬೆಳಿಗ್ಗೆಯೇ ಮುಂದೆ ಹೋಗಿತ್ತು. ಕಾರಿನ ಮುಂದಿನ ಸೀಟಿನಲ್ಲಿ ಮದುಮಗ. ಹಿಂದೆ ನಾದಿನಿ, ಒಂದು ಕಡೆ ನಾನು, ಇನ್ನೊಂದು ಕಡೆ ಆ ಸೋದರತ್ತೆ. ಒಂದು ಹೊಡೆದಾಗ ಹೊರಟೆವು. ಧೂಳು ಒಳಗೆ ಬರಲಿಲ್ಲ, ಮೈಗೆ ಮೈ ತಾಗಲಿಲ್ಲ. ಗೌಡ್ತಿಯಲ್ಲಾಗಿದ್ದರೆ ಪ್ರತಿ ಕುಣಿಗೂ ಒಬ್ಬರ ಮೇಲೆ ಒಬ್ಬರು ಬಿದ್ದು, ಯಲಬುರ್ಗಾ ಬರುವುದರೊಳಗೆ ಬೀಗರೆಲ್ಲ ಒಂದಾಗಿರುತ್ತಿದ್ದರು. ಇಲ್ಲಿ ಮೂವರೂ ಫೋಟೋಕ್ಕೆ ಕೂತಂತೆ ಕೂತಿದ್ದೆವು.

ಯಲಬುರ್ಗಾ ದಾಟಿತು. ಮದುಮಗ ಕೈಗಡಿಯಾರ ನೋಡಿಕೊಂಡು ಖುಷಿಯಿಂದ ಹೇಳಿದ: "ಇನ್ನ ಎರಡು ಸೈತ ಬಡದಿಲ್ಲ. ಅರ್ಧಾ ತಾಸಿನ್ಯಾಗ ನಮ್ಮ ಮನಿ ಮುಂದ ಇರತೀವಿ ನೋಡ್ರಿ!"

ರಾಹುಕಾಲದ ನಡುಮಧ್ಯಕ್ಕೆ ಸರಿಯಾಗಿ ನಾವು ಬಾಗಿಲಲ್ಲಿ ಇಳಿಯುತ್ತಿದ್ದೆವು. ನಾದಿನಿ ತಲೆ ತಗ್ಗಿಸಿ ಕೂತಿದ್ದಳು, ಆಕೆಗೆ ಇದ್ಯಾವುದೂ ತಿಳಿದಿರಲಿಲ್ಲ. ಬಾಯಿ ಬಿಟ್ಟು ಹೇಳೋಣವೆಂದರೆ ಆ ಕಡೆ ಸೋದರತ್ತೆ, ಆಕೆಗಿನ್ನೂ ಇದು ಹೊಳೆದಿರಲಿಲ್ಲ. ಹೆಣ್ಣಿನ ಕಡೆಯವರಿಗೆ ಹೊತ್ತಿನ ಲೆಕ್ಕವೂ ಬರುವುದಿಲ್ಲ, ಹುಡುಗಿಯ ಕಾಲಿಗೆ ರಾಹು ಕಟ್ಟಿಕೊಂಡೇ ಬರುತ್ತದೆ ಎಂಬ ಮಾತು ಹುಟ್ಟಲು ಅಷ್ಟು ಸಾಕು. ಕಣ್ಣು ಮುಚ್ಚಿ ಶಿವಶಿವಾ ಎಂದೆ. ಆಮೇಲೆ ಮುಂದಕ್ಕೆ ಬಗ್ಗಿ, ಸುಮ್ಮನೆ ಮಾತಿಗೆಂಬಂತೆ ಕೇಳಿದೆ:

"ಕಾಕಾ, ಗೌಡ್ತಿ ಆಗಿದ್ರ ಈಗ ಎಲ್ಲಿ ಇರತಿದ್ವಿರಿ?"

ಕಾಕಾ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಮದುಮಗನ ಗಡಿಯಾರ ನೋಡಿದರು. ಇನ್ನೊಮ್ಮೆ ಕನ್ನಡಿ ನೋಡಿದರು. ದೇವರನ್ನು ನಂಬದ ಮನುಷ್ಯ, ಆದರೆ ಮುಹೂರ್ತದ ಬಾಡಿಗೆ ಓಡಿಸಿ ಓಡಿಸಿ ರಾಹುಕಾಲ ಬಾಯಿಪಾಠವಾಗಿತ್ತು. "ಎಲ್ಲಿ ತಂಗೆವ್ವಾ, ಇನ್ನ ಯಲಬುರ್ಗಾದ ಹಿಂದನ ನೀರು ಕುಡೀತಿದ್ವಿ" ಎಂದರು. ಗಾಡಿ ನಿಧಾನವಾಯಿತು. ಒಂದು ಹಳ್ಳಿಯ ತುದಿಯ ಮನೆಯ ಮುಂದೆ ನಿಂತೇಬಿಟ್ಟಿತು. ಇಳಿದು ಮುಂದಿನ ಮುಚ್ಚಳ ಎತ್ತಿ ನಿಲ್ಲಿಸಿದರು.

ಸೋದರತ್ತೆಯ ಮುಖ ಕಪ್ಪಿಟ್ಟಿತು. "ಹೊಸಾ ಗಾಡಿ ಅಂದ್ರಲ್ಲ? ಇದೂ ನಿಂತ್ತೇನು? ಹೊಂಟ ಗಳಿಗೀನ..." ಎಂದು ಆಕೆ ನಾದಿನಿಯ ಕಡೆ ತಿರುಗುವಷ್ಟರಲ್ಲಿ ಕಾಕಾ ಕಿಟಕಿಗೆ ಬಂದಿದ್ದರು.

"ಗಳಿಗಿದಲ್ಲ ತಪ್ಪು, ನಂದ್ರಿ ಅಕ್ಕಾರ. ಮುಂಜಾನೆ ನೀರು ಹಾಕೋದು ಮರತೆ. ಗಾಡಿ ಕಾಯ್ದೈತಿ, ಆರಬೇಕು. ಹುಡಿಗಿ ಕಾಲಿಗೇನೂ ಆಗಿಲ್ರಿ, ನನ್ನ ತಲಿಗೆ ಆಗೇತಿ ವಯಸ್ಸು."

ನೀರು ಮರೆತ ಡ್ರೈವರ್! ಬೇರೆ ಯಾರಾದರೂ ಅವರಿಗೆ ಈ ಮಾತು ಅಂದಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದರು.

ಆ ಮನೆಯ ಮುದುಕಿ ಹೊರಗೆ ಬಂದಳು. ಗೌಡ್ತಿಗೆ ವರ್ಷಗಟ್ಟಲೆ ನೀರು ಕೊಟ್ಟವಳು. ಸೊಂಟಕ್ಕೆ ಕೈಯಿಟ್ಟು ನಿಂತಳು.

"ಈಗ ನೆನಪಾತೇನೋ? ಇಷ್ಟು ದಿನಾ ಗಾಜು ಏರಿಸ್ಕೊಂಡು ಸಾಹೇಬರ ಹಂಗ, ಸರದಾರರ ಹಂಗ ಹೋಗತಿದ್ದಿ. ಗಾಡಿ ಬದಲಾತು, ನೀನೂ ಬದಲಾದಿ ಅಂತ ಮಾಡಿದ್ದೆ."

"ಬೈ ಯವ್ವಾ, ಸಾವಕಾಶ ಬೈ" ಎಂದರು ಕಾಕಾ. "ಇವತ್ತ ನಮಗ ಗಡಿಬಿಡಿ ಇಲ್ಲ."

ನಾನು ಕೊಡ ತರುವ ನೆಪದಲ್ಲಿ ಕಾಕಾನ ಹಿಂದೆ ಹೋದೆ. ಎತ್ತಿದ ಮುಚ್ಚಳದ ಮರೆಯಲ್ಲಿ ಅವರು ಕೊಡದ ನೀರನ್ನು ಗಾಲಿಗೆ ಸುರಿದರು. "ಈ ಮಾತು ಗಾಡೀದು, ಗಾಡ್ಯಾಗ ಇರಲಿ" ಎಂದರು ಮೆಲ್ಲಗೆ. ಅಷ್ಟರಲ್ಲಿ ಮುದುಕಿ ಕಾರಿನೊಳಗೆ ಇಣುಕಿದ್ದಳು. ಮದುಮಗಳನ್ನು ಕಂಡದ್ದೇ ಸಿಟ್ಟು ಎಲ್ಲಿ ಹೋಯಿತೋ! ಇಳಿಸಿಕೊಂಡು, ಮಣೆ ಹಾಕಿ, ಉಡಿ ತುಂಬಿದಳು. ಜೊತೆಗೆ ಬಂದ ಸೋದರತ್ತೆಗೂ ಅರಿಷಿಣ ಕುಂಕುಮ, ಒಂದು ಕುಪ್ಪಸದ ಖಣ. ಶುಭಕಾರ್ಯದಲ್ಲಿ ಹಿಂದೆ ಸರಿಯುತ್ತಿದ್ದ ನಮ್ಮ ಹುಡುಗಿ ಗುರುತಿಲ್ಲದ ಮನೆಯ ನಡುಮನೆಯಲ್ಲಿ ಸೆರಗು ಒಡ್ಡಿ ನಿಂತಿದ್ದಳು. ನನ್ನ ಕಣ್ಣು ತುಂಬಿ ಬಂತು.

ಮುಂದೆಯೂ ಹೊಸ ಸೊಸಿಗೆ ನೀರಡಿಸಿತು. ಅದರ ಮುಂದೆಯೂ. ಒಂದು ಮನೆಯಲ್ಲಿ ಮಜ್ಜಿಗೆ ಕೊಟ್ಟರು, ಇನ್ನೊಂದರಲ್ಲಿ ಸೋದರತ್ತೆಗೆ ದೂರದ ನೆಂಟಸ್ತಿಕೆ ಹತ್ತಿ ಆಕೆಯೇ ಏಳಲೊಲ್ಲಳು. "ಕುಂದ್ರೋ ಡ್ರೈವರ್, ಗಾಡಿ ಇನ್ನಷ್ಟು ಆರಲಿ" ಎಂದು ಆಕೆಯೇ ಅಂದಾಗ ಕಾಕಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಗುತ್ತಿದ್ದೆವು.

ನಾವು ಊರು ಮುಟ್ಟಿದಾಗ ಮೂರು ದಾಟಿತ್ತು. ಬೀಗಿತಿ ಆರತಿಯ ತಟ್ಟೆ ಹಿಡಿದು, ಗಂಟು ಮುಖ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೊದಲು ಇಳಿದದ್ದು ಸೋದರತ್ತೆ. "ನೋಡ್ ವೈನಿ, ನಿನ್ನ ಸೊಸಿ ಹಾದಿ ತುಂಬ ಉಡಿ ತುಂಬಿಸ್ಕೊಂಡು ಬಂದಾಳ. ಇಂಥಾ ಕಾಲ್ಗುಣ ಯಾರ ಮನಿಗೆ ಬರತೈತಿ?" ಆ ಮಾತೇ ಆ ಮನೆಯಲ್ಲಿ ಊರಿತು. ಇಂದಿಗೂ ಆ ಊರಲ್ಲಿ ನಮ್ಮ ನಾದಿನಿಯನ್ನು 'ಉಡಿ ತುಂಬಿ ಬಂದಾಕಿ' ಎನ್ನುತ್ತಾರೆ. ಕೂಸಿಗೆ ಹೆಸರಿಡಲು, ಬಿತ್ತನೆಗೆ ಮೊದಲ ಕಾಳು ಮುಟ್ಟಿಸಲು ಆಕೆಯನ್ನೇ ಕರೆಯುತ್ತಾರೆ.

ಕಾಕಾನಿಗೆ ಬಂದದ್ದು ಬೇರೆ ಹೆಸರು. ಸೋದರತ್ತೆ ತಾನು ಕಂಡದ್ದನ್ನು ಎಲ್ಲ ಕಡೆ ಹೇಳಿದಳು, ತಪ್ಪೇನು? ಅದು ಸಾವುಕಾರರ ಕಿವಿಗೂ ಹೋಯಿತು. ಹೊಸ ಗಾಡಿಗೆ ನೀರು ಹಾಕದೆ ಓಡಿಸಿದೆಯಾ ಎಂದು ಗಿರಣಿಯ ಮಂದಿಯ ಮುಂದೆ ಬೈದರಂತೆ. ಸ್ಟ್ಯಾಂಡಿನ ಉಳಿದ ಡ್ರೈವರುಗಳು 'ನೀರು ಮರತ ಕಾಕಾ' ಎಂದು ಹಾಸ್ಯ ಮಾಡುತ್ತಿದ್ದರು. ನಾನೊಮ್ಮೆ, "ನಾ ಹೋಗಿ ಸಾವುಕಾರಗ ಖರೇ ಹೇಳಿ ಬರತೀನಿ ಕಾಕಾ" ಎಂದೆ.

"ಖರೇ ಮಾತು ಕೊಪ್ಪಳದಾಗ ಹೇಳಿದ್ರ ಕುಷ್ಟಗ್ಯಾಗ ಕೇಳಸತೈತಿ ತಂಗೆವ್ವಾ. ಬ್ಯಾಡ. ನನಗೇನ್ ಆತು? ನೀರಿನ ಮನಿ ತಿರುಗಿ ಸಿಕ್ಕುವು." ಹೌದು, ಅಂದಿನಿಂದ ಅವರು ಖಾಲಿ ಗಾಡಿಯಲ್ಲಿ ತಿರುಗಿ ಬರುವಾಗ ಮತ್ತೆ ನಿಲ್ಲತೊಡಗಿದ್ದರು. ಗಾಡಿಗೆ ಬೇಡ, ನನಗೆ ಬೇಕು ಎನ್ನುತ್ತಿದ್ದರು. ಇದೆಲ್ಲ ದೇವರೇ ನಡೆಸಿದ್ದು ಎಂದೆ ನಾನು. "ನಡಸಿದ್ದು ನಾ, ಸ್ಟೇರಿಂಗ್ ನನ್ನ ಕೈಯಾಗಿತ್ತು" ಎಂದರು ಅವರು. ಈ ವಾದ ನಮ್ಮಿಬ್ಬರಲ್ಲಿ ಮುಗಿಯಲೇ ಇಲ್ಲ.

ಸುದ್ದಿ ಬಂದ ದಿನವೇ ಮಧ್ಯಾಹ್ನದ ಬಸ್ಸಿಗೆ ನಾದಿನಿ ಪಂಚಮಿಗೆಂದು ಬಂದಳು. ಸಂಜೆ ಇಬ್ಬರೂ ಉಂಡಿ ಕಟ್ಟಲು ಒಲೆಯ ಮುಂದೆ ಕೂತೆವು. ಬೆಲ್ಲದ ಆಣ, ಅಂದರೆ ಪಾಕ, ಕುದಿಯುತ್ತಿತ್ತು. ಕಾಕಾನ ಸುದ್ದಿ ಹೇಳಿದೆ. ಆಕೆ ಕಣ್ಣೊರೆಸಿಕೊಂಡಳು. ಆಮೇಲೆ ತುಸು ನಕ್ಕು, "ಪಾಪ, ಭಾಳ ಛಲೋ ಮನಷ್ಯಾ. ನನ್ನ ಮದುವಿ ದಿನಾನ ನೀರು ಮರತಿದ್ದ ನೋಡು. ಕಂಡಾಗೆಲ್ಲ ನಾ ಆಡಿಸ್ತಿದ್ದೆ, ನೀರು ಹಾಕೀರೇನ್ರಿ ಕಾಕಾ ಅಂತ" ಎಂದಳು.

ಸೋದರತ್ತೆ ಹೋದ ವರ್ಷ ತೀರಿಕೊಂಡಿದ್ದಾಳೆ. ನಾದಿನಿಯ ಅತ್ತೆ ಈಗ ಸೊಸೆಯ ಕೈಯಿಂದಲ್ಲದೆ ಉಣ್ಣುವುದಿಲ್ಲ. ಇನ್ನು ಮಾತು ಗಾಡಿಯೊಳಗೇ ಇರಬೇಕಾಗಿಲ್ಲ.

"ಕಾಕಾ ನೀರು ಮರತಿದ್ದಿಲ್ಲ" ಎಂದೆ.

"ಹಂಗಾರ ಗಾಡಿ ಯಾಕ ಕಾಯ್ದಿತ್ತು?"

"ಗಾಡೀನೂ ಕಾಯ್ದಿದ್ದಿಲ್ಲ. ರಾಹುಕಾಲ ಸರದಿದ್ದಿಲ್ಲ."

ಎಲ್ಲವನ್ನೂ ಹೇಳಿದೆ. ಆಕೆ ಸೌಟು ತಿರುವುವುದನ್ನು ಬಿಟ್ಟು ಕೇಳುತ್ತ ಕೂತಳು. ಆಮೇಲೆ ಅಂದಳು:

"ನಾ ಅಷ್ಟು ಸಲ ಆಡಿಸಿದ್ನಲ್ಲ ವೈನಿ. ಒಮ್ಮೆರ ಬಾಯಿ ಬಿಡಬಾರದಿತ್ತಾ ಆತ?"

"ಏನಂತಿದ್ದ, ನೀ ಆಡಿಸಿದಾಗ?"

"ಏನೂ ಇಲ್ಲ. 'ಇನ್ನೊಮ್ಮೆ ಮರಿಯಂಗಿಲ್ಲವ್ವಾ, ಚೆಂದಾಗಿ ಅದೀ ಹೌದಿಲ್ಲೋ?' ಅಂತ ಕೇಳತಿದ್ದ. ಪ್ರತಿ ಸಲಾನೂ ಅದನ್ನ ಕೇಳತಿದ್ದ."

ನಾನು ಆಕೆಯ ಬೆನ್ನ ಮೇಲೆ ಕೈಯಿಟ್ಟೆ. ಆಣ ತಂತಿಗೆ ಬಂದಿತ್ತು, ಇನ್ನು ಬಿಟ್ಟರೆ ಗಟ್ಟಿಯಾಗಿ ಉಂಡಿ ಕೂಡುವುದಿಲ್ಲ. ಬೋಗುಣಿ ಇಳಿಸಿ ಹುರಿದ ಶೇಂಗಾ ಸುರಿದೆ. ಇಬ್ಬರೂ ಅಂಗೈಗೆ ತುಪ್ಪ ಸವರಿಕೊಂಡು, ಬಿಸಿ ಇದ್ದಂತೆಯೇ ಕಟ್ಟತೊಡಗಿದೆವು.